ಗೃಹಸಾಲದ ಮನೆ ಬಾಡಿಗೆಗೆ ಕೊಡಲು ಬ್ಯಾಂಕಿನ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ): ಪತ್ರಕ್ಕೆ ಐದಕ್ಕೆ ನಾಲ್ಕು, ಕೌಂಟರಿಗೆ ಎರಡು

ಬೆಳಗಾವಿಯ ರಾಮತೀರ್ಥ ನಗರದಲ್ಲಿ ನಮ್ಮದೊಂದು ಎರಡು ಬೆಡ್‌ರೂಮಿನ ಮನೆ ಇದೆ. ಸಾಲ ಇನ್ನೂ ತೀರಿಲ್ಲ. ಯಜಮಾನರಿಗೆ ವಿಜಯಪುರಕ್ಕೆ ವರ್ಗವಾಯಿತು. ಮನೆ ಖಾಲಿ ಬಿಟ್ಟರೆ ಇಲ್ಲಿಯ ಇಎಂಐ, ಅಲ್ಲಿಯ ಬಾಡಿಗೆ ಎರಡೂ ನಮ್ಮ ಮೇಲೆ. ಬಾಡಿಗೆಗೆ ಕೊಡುವ ಮೊದಲು ಸಾಲ ಮಂಜೂರಾತಿ ಪತ್ರ ತೆಗೆದು ಓದಿದೆ. ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮನೆಯನ್ನು ಬಾಡಿಗೆಗಾಗಲಿ ಲೀಸಿಗಾಗಲಿ ಕೊಡುವಂತಿಲ್ಲ ಅಂತ ಸ್ಪಷ್ಟವಾಗಿಯೇ ಬರೆದಿತ್ತು.

ಬ್ಯಾಂಕಿನ ಹೆಸರು ಬರೆಯುವುದಿಲ್ಲ. ಶಾಖೆಯಲ್ಲಿ ಮೊದಲು ಸಿಕ್ಕ ಉತ್ತರ ಇದು: "ಯಾರೂ ಕೇಳಂಗಿಲ್ರಿ ಮೇಡಂ, ಇಎಂಐ ಬಂದ್ರ ಸಾಕು. ಕೊಟ್ಟುಬಿಡ್ರಿ." ನನಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಷರತ್ತು ಹಾಕಿದ್ದು ಅವರೇ ಅಲ್ವಾ? ನಾಳೆ ಬೇರೆ ಮ್ಯಾನೇಜರ್ ಬಂದು ಕಡತ ತೆಗೆದರೆ ಈ ಬಾಯಿಮಾತು ಎಲ್ಲಿರುತ್ತದೆ? ಬರೆದುಕೊಡಿ ಅಂದ ಮೇಲೆ ಒಂದು ಟೇಬಲಿನಿಂದ ಇನ್ನೊಂದಕ್ಕೆ ಕಳಿಸಿದರು. ಗೃಹಸಾಲದ ಕಡತ ಶಾಖೆಯಲ್ಲಿ ಇರುವುದಿಲ್ಲ, ಸಾಲ ವಿಭಾಗದ ಬೇರೆ ಕಚೇರಿಯಲ್ಲಿದೆ ಎಂದು ಕಡೆಗೆ ಹೇಳಿದವರು ಸೆಕ್ಯುರಿಟಿ ಅಣ್ಣ. ಅವರಿಗೆ ಪೂರ್ತಿ ಐದು ಅಂಕ.

ಸಾಲ ವಿಭಾಗದ ಅಧಿಕಾರಿ ಬಹಳ ಒಳ್ಳೆಯವರು. ಕೂರಿಸಿ ಮಾತಾಡಿದರು. ಅರ್ಜಿ, ಬಾಡಿಗೆ ಕರಾರಿನ ಕರಡು, ಬಾಡಿಗೆಗೆ ಬರುವವರ ಆಧಾರ್ ಮತ್ತು ಪ್ಯಾನ್, ಪಾಲಿಕೆಯ ತೆರಿಗೆ ರಶೀದಿ, ಮನೆ ವಿಮೆಯ ಪಾಲಿಸಿ ಕೇಳಿದರು. ತಕರಾರು ಒಂದೇ. ಇದನ್ನೆಲ್ಲ ಒಂದೇ ಸಲ ಕೇಳಲಿಲ್ಲ. ಒಂದು ಕೊಟ್ಟ ಮೇಲೆ ಇನ್ನೊಂದು ನೆನಪಾಗುತ್ತಿತ್ತು. ಒಂದು ಹಾಳೆಯಲ್ಲಿ ಪಟ್ಟಿ ಅಚ್ಚು ಹಾಕಿ ಕೌಂಟರಿನಲ್ಲಿ ಇಟ್ಟರೆ ಎಷ್ಟು ಜನರ ಓಡಾಟ ತಪ್ಪುತ್ತದೆ!

ಈ ನಡುವೆ ಒಬ್ಬ ಏಜೆಂಟರು ಲೀಸ್ ಗಿರಾಕಿ ತಂದಿದ್ದರು. ಒಂದೇ ಸಲ ಇಡಿಗಂಟು, ತಿಂಗಳ ಬಾಡಿಗೆ ಇಲ್ಲ. ಆ ದುಡ್ಡಿನಲ್ಲಿ ಸಾಲ ಇಳಿಸಬಹುದಲ್ಲ ಅಂತ ನಮಗೂ ಆಸೆಯಾಯಿತು. ಅಧಿಕಾರಿ ಖಡಾಖಂಡಿತವಾಗಿ ಬೇಡ ಅಂದರು. ಕಾರಣವನ್ನೂ ಬಿಡಿಸಿ ಹೇಳಿದರು. ಕಂತು 90 ದಿನಕ್ಕಿಂತ ಜಾಸ್ತಿ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಬ್ಯಾಂಕು 60 ದಿನದ ನೋಟಿಸ್ ಕೊಟ್ಟು ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಆಗ ಲೀಸಿಗೆ ದುಡ್ಡು ಸುರಿದವರ ಗತಿ ಏನು? ಬ್ಯಾಂಕು ಅವರ ಹಣಕ್ಕೆ ಜವಾಬ್ದಾರಿಯಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 65ಎ ಕಲಮನ್ನೂ ತೋರಿಸಿದರು. ಅಡಮಾನದ ಮನೆಯನ್ನು ಮಾಲೀಕರು ಬಾಡಿಗೆಗೆ ಕೊಡಬಹುದು. ಆದರೆ ಮೂರು ವರ್ಷ ಮೀರುವಂತಿಲ್ಲ, ಪ್ರೀಮಿಯಂ ಹಣವನ್ನಾಗಲಿ (ಬಾಡಿಗೆಗೆ ಕೊಡುವುದಕ್ಕೇ ಪಡೆಯುವ ಇಡಿಗಂಟು) ಮುಂಗಡ ಬಾಡಿಗೆಯನ್ನಾಗಲಿ ತೆಗೆದುಕೊಳ್ಳುವಂತಿಲ್ಲ. ಅದೂ ಸಾಲದ ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಮಾತ್ರ. ನಮ್ಮದರಲ್ಲಿ ಇತ್ತು, ಅದಕ್ಕೇ ಈ ಪತ್ರ. ಏಜೆಂಟರಿಗೆ ಅಂದೇ ಫೋನ್ ಮಾಡಿ ಆಗುವುದಿಲ್ಲ ಅಂದೆ.

ಕೊನೆಗೆ ಕೈಗೆ ಬಂದ ಪತ್ರ ಒಂದೇ ಪುಟ. 11 ತಿಂಗಳ ಕರಾರು, ಉಪಬಾಡಿಗೆ ಇಲ್ಲ, ಬ್ಯಾಂಕಿನ ಹಕ್ಕಿಗೆ ಬಾಡಿಗೆದಾರರು ಅಡ್ಡ ಬರುವಂತಿಲ್ಲ, ವಿಮೆ ಕಂಪನಿಗೆ ತಿಳಿಸಬೇಕು. ಬಡ್ಡಿ ದರ ಮುಟ್ಟಲಿಲ್ಲ.

ಈ ಪತ್ರ ಬ್ಯಾಂಕಿನ ಸಮಾಧಾನಕ್ಕೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಮನೆಗೆ ಬಂದದ್ದು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಎಳೆ ದಂಪತಿ. ಹುಡುಗಿಯ ಅಪ್ಪ ಗೋಕಾಕದಿಂದ ಮನೆ ನೋಡಲು ಬಂದವರು ನಲ್ಲಿ, ಸಂಪು ನೋಡುವ ಮೊದಲೇ ಕೇಳಿದರು, "ಮನಿ ಮ್ಯಾಲ ಸಾಲ ಐತೇನ್ರಿ ಅಕ್ಕಾರ?" ಐತ್ರಿ ಅಂದು ಪತ್ರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಫೋಟೊ ತೆಗೆದುಕೊಂಡು, ಡಿಪಾಸಿಟ್ ಮಾತಿಗೆ ಕೂತರು. ಮಗಳನ್ನು ಬೇರೆಯವರ ಮನೆಯಲ್ಲಿ ಇರಿಸುವವರಿಗೆ ಇದನ್ನೆಲ್ಲ ಕೇಳುವ ಹಕ್ಕು ಖಂಡಿತ ಇದೆ. ನಾವು ಮಾಲೀಕರು ಅವರು ಕೇಳುವ ಮೊದಲೇ ತೋರಿಸಬೇಕು.

ತೆರಿಗೆಗೆ ಬೇಕಾದ ಬಡ್ಡಿ ಪ್ರಮಾಣಪತ್ರವನ್ನು ಮಾತ್ರ ಬ್ಯಾಂಕಿನವರು ಕೇಳಿದ ಕೂಡಲೇ ಕೊಟ್ಟರು. ಬಾಡಿಗೆ ಆದಾಯದಲ್ಲಿ ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30 ಕಡಿತ ಸಿಗುತ್ತದೆ. ಬಡ್ಡಿಯ ಲೆಕ್ಕವನ್ನು ನಿಮ್ಮ ಆಡಿಟರ್ ಹತ್ತಿರ ಕೇಳಿ.

ನೀವೂ ಹೋಗುವವರಿದ್ದರೆ ಶಾಖೆಯಲ್ಲಿ ಸುಮ್ನೆ ಸಾಲಿನಲ್ಲಿ ನಿಲ್ಲಬೇಡಿ. ನಿಮ್ಮ ಕಡತ ಯಾವ ಕಚೇರಿಯಲ್ಲಿದೆ ಎಂದು ಕೇಳಿಕೊಂಡು ಅಲ್ಲಿಗೇ ಹೋಗಿ. ಕರಾರಿನ ಕರಡು ಕೈಯಲ್ಲಿರಲಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ದಿನಾಂಕದ ಸೀಲು ಹಾಕಿಸಿಕೊಳ್ಳಿ. ಪತ್ರ ಬರುವ ತನಕ ಯಾರಿಂದಲೂ ಅಡ್ವಾನ್ಸ್ ತೆಗೆದುಕೊಳ್ಳಬೇಡಿ.