ಪವರ್‌ಪಾಯಿಂಟ್, ಇಂಪ್ರೆಸ್, ಗೂಗಲ್ ಸ್ಲೈಡ್ಸ್: ಮಿಲ್ಲಿನ ಪಾಠಕ್ಕೆ ಚಿತ್ರ ಬರೆಯಲು ಯಾವುದು?

ದಾವಣಗೆರೆಯ ರೈಸ್ ಮಿಲ್ಲಿನವರಿಗೆ ಮೊಬೈಲಿನಲ್ಲಿ ನೋಡುವ ಸುರಕ್ಷತಾ ಪಾಠ ಮಾಡಲು ಕೂತರೆ ಮೊದಲ ತೊಡಕು ಚಿತ್ರದ್ದೇ. ನೆಟ್‌ನಲ್ಲಿ ಸಿಗುವ ರೆಡಿಮೇಡ್ ಚಿತ್ರದಲ್ಲಿ ಹೆಲ್ಮೆಟ್ ಹಾಕಿದ ಕಾರ್ಮಿಕ ಇರುತ್ತಾನೆ. ಭತ್ತ ಎತ್ತುವ ಎಲಿವೇಟರು, ಹೆಗಲ ಮೇಲೆ ಟವೆಲ್ ಹಾಕಿದ ಹಮಾಲ ಇರುವುದಿಲ್ಲ. ಟವೆಲ್ಲು ಬೆಲ್ಟಿಗೆ ಸಿಕ್ಕುವುದೇ ಅಪಾಯ ಎಂದು ತೋರಿಸಬೇಕಾದಾಗ ಆ ಚಿತ್ರ ಪ್ರಯೋಜನಕ್ಕೆ ಬಾರದು. ಪುಲ್ಲಿ, ಬೆಲ್ಟು, ಹಲ್ಲಿನ ಚಕ್ರ, ಮೇಲೊಂದು ಗಾರ್ಡು (ಕೈ ತಾಗದಂತೆ ಮುಚ್ಚುವ ಕವಚ) ಇರುವ ಒಂದೇ ಚಿತ್ರವನ್ನು ಪವರ್‌ಪಾಯಿಂಟ್, ಲಿಬ್ರೆಆಫೀಸ್‌ನ ಇಂಪ್ರೆಸ್, ಗೂಗಲ್ ಸ್ಲೈಡ್ಸ್ ಎಂಬ ಮೂರು ಸ್ಲೈಡ್ ತಂತ್ರಾಂಶಗಳಲ್ಲೂ ಬರೆದು ನೋಡಿದೆವು.

ಪವರ್‌ಪಾಯಿಂಟ್‌ನ ಬಲ ಇರುವುದು ಮರ್ಜ್ ಶೇಪ್ಸ್‌ನಲ್ಲಿ, ಅಂದರೆ ಆಕಾರಗಳನ್ನು ಬೆಸೆಯುವ (ಯೂನಿಯನ್), ಒಂದರಿಂದ ಇನ್ನೊಂದನ್ನು ಕತ್ತರಿಸುವ (ಸಬ್‌ಟ್ರ್ಯಾಕ್ಟ್) ಸೌಲಭ್ಯದಲ್ಲಿ. ಹಲ್ಲಿನ ಚಕ್ರಕ್ಕೆ 5 ಸೆಂ.ಮೀ. ವ್ಯಾಸದ ವೃತ್ತ, 1 ಸೆಂ.ಮೀ. ಅಗಲ 6.4 ಸೆಂ.ಮೀ. ಉದ್ದದ ನಾಲ್ಕು ಆಯತ ಸಾಕು. ಆಯತಗಳನ್ನು 0, 45, 90, 135 ಡಿಗ್ರಿ ತಿರುಗಿಸಿ, ಅಲೈನ್‌ನಲ್ಲಿ ಸೆಂಟರ್ ಮತ್ತು ಮಿಡಲ್ ಕೊಟ್ಟು, ಎಲ್ಲವನ್ನೂ ವೃತ್ತದ ಜೊತೆ ಯೂನಿಯನ್ ಮಾಡಿದರೆ ಎಂಟು ಹಲ್ಲು ಬರುತ್ತವೆ. ಆಮೇಲೆ 2 ಸೆಂ.ಮೀ. ವೃತ್ತ ಇಟ್ಟು ಸಬ್‌ಟ್ರ್ಯಾಕ್ಟ್ ಮಾಡಿದರೆ ನಡುವೆ ತೂತು. ಮೊದಲು ಆಯ್ದ ಆಕಾರವೇ ಉಳಿಯುತ್ತದೆ, ಅದರ ಬಣ್ಣವೇ ಬರುತ್ತದೆ. ಹಾಗಾಗಿ ಚಕ್ರವನ್ನು ಮೊದಲು ಕ್ಲಿಕ್ ಮಾಡಿ, ತೂತಿನ ವೃತ್ತವನ್ನು ಆಮೇಲೆ. ಕ್ರಮ ತಪ್ಪಿದರೆ ಚಕ್ರವೇ ಮಾಯವಾಗುತ್ತದೆ. ಮರ್ಜ್ ಶೇಪ್ಸ್ ಬಟನ್ ಮಸುಕಾಗಿದ್ದರೆ ಯಾವುದೋ ಆಕಾರ ಗ್ರೂಪ್ ಆಗಿರಬಹುದು, ಬಿಡಿಸಿ.

ಇಲ್ಲಿ ಒಂದು ಎಚ್ಚರ ಬೇಕು. ಸೇವ್ ಆ್ಯಸ್ ಪಿಕ್ಚರ್ ಕೊಟ್ಟಾಗ ಚಿತ್ರ ಸ್ಲೈಡಿನಲ್ಲಿ ಇರುವ ಅಳತೆಗೇ ಉಳಿಯುತ್ತದೆ. 2 ಸೆಂ.ಮೀ. ಐಕಾನನ್ನು ಪಿಎನ್‌ಜಿ (ಚಿತ್ರದ ಫೈಲು) ಮಾಡಿ ಪಾಠದಲ್ಲಿ ಹಿಗ್ಗಿಸಿದರೆ ಮಸುಕು. ಮೊದಲೇ ಸ್ಲೈಡಿನ ತುಂಬ ದೊಡ್ಡದು ಮಾಡಿ ಉಳಿಸಿ. ಆದರೆ ಗೆರೆಯ ದಪ್ಪ ತಾನಾಗಿ ಹಿಗ್ಗುವುದಿಲ್ಲ. 2 ಪಾಯಿಂಟ್ ಗೆರೆ ದೊಡ್ಡ ಚಿತ್ರದಲ್ಲಿ ಕೂದಲೆಳೆಯಂತೆ ಕಾಣುತ್ತದೆ, ಕೈಯಿಂದಲೇ ಏರಿಸಬೇಕು.

ಇಂಪ್ರೆಸ್‌ಗೆ ದುಡ್ಡಿಲ್ಲ, ಮರ್ಜ್, ಸಬ್‌ಟ್ರ್ಯಾಕ್ಟ್, ಇಂಟರ್‌ಸೆಕ್ಟ್ ಮೂರೂ ಇವೆ. ಅಲ್ಲಿ ಕ್ಲಿಕ್ ಮಾಡಿದ ಕ್ರಮ ಲೆಕ್ಕಕ್ಕಿಲ್ಲ, ಎಲ್ಲಕ್ಕಿಂತ ಕೆಳಗಿರುವ ಆಕಾರವೇ ಉಳಿಯುತ್ತದೆ. ಪವರ್‌ಪಾಯಿಂಟ್ ರೂಢಿಯವರು ಎಡವುವುದು ಇಲ್ಲೇ. ಇನ್ನೊಂದು, ಫಾಂಟ್ ಬದಲಿಸಿದರೂ ಕನ್ನಡ ಅಕ್ಷರ ಬದಲಾಗದಿದ್ದರೆ ಆಪ್ಷನ್ಸ್‌ನ ಭಾಷೆಯ ಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ (ಕನ್ನಡದಂಥ ಲಿಪಿಗಳ ಸೌಲಭ್ಯ) ಆನ್ ಮಾಡಿ, ಆಮೇಲೆ ಫಾರ್ಮ್ಯಾಟ್ ಮೆನುವಿನ ಕ್ಯಾರೆಕ್ಟರ್‌ನಲ್ಲಿ ಕನ್ನಡದ ಫಾಂಟನ್ನು ಬೇರೆಯಾಗಿ ಕೊಡಿ.

ಗೂಗಲ್ ಸ್ಲೈಡ್ಸ್‌ನಲ್ಲಿ ಆಕಾರ ಬೆಸೆಯುವ ಸೌಲಭ್ಯವೇ ಇಲ್ಲ. ತೂತಿಗೆ ಬಿಳಿ ವೃತ್ತ ಇಟ್ಟು ಮರೆಮಾಚಬೇಕು. ಹಿನ್ನೆಲೆ ಹಳದಿ ಮಾಡಿದೊಡನೆ ಬಿಳಿ ಬೊಟ್ಟು ಎದ್ದು ಕಾಣುತ್ತದೆ. ಚಿತ್ರಕ್ಕೆ ಇದು ಬೇಡ. ಆದರೆ ಮಿಲ್ಲಿನ ಸೂಪರ್‌ವೈಸರ್ ತನ್ನ ಫೋನಿನಲ್ಲೇ ಬರಹ ನೋಡಿ ತಿದ್ದಲು ಇದಕ್ಕಿಂತ ಸಲೀಸು ಮತ್ತೊಂದಿಲ್ಲ.

ಕನ್ನಡದ ಮಾತಿಗೆ ಬಂದರೆ ಮೂರರಲ್ಲೂ ಎಲ್ಲ ಸಾಧನಗಳೂ ಓದಬಲ್ಲ ಯೂನಿಕೋಡನ್ನೇ ಬಳಸಿ, ನೋಟೋ ಸ್ಯಾನ್ಸ್ ಕನ್ನಡ ಫಾಂಟು ಚೆನ್ನ. ನುಡಿ ತಂತ್ರಾಂಶದ ಹಳೇ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪಿಸಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಲಸುಮೇಲೋಗರವಾಗುತ್ತದೆ. ಎರಡು ಸಾಲಿನಲ್ಲಿ ಬರೆಯುವಾಗ ಅಂತರ 1.2ರಿಂದ 1.3 ಇರಲಿ, ಇಲ್ಲದಿದ್ದರೆ ‘ಮುಟ್ಟಬೇಡಿ’ಯ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಬಣ್ಣದಲ್ಲಿ ಮನಬಂದಂತೆ ಬೇಡ. ನಿಷೇಧಕ್ಕೆ ಕೆಂಪು ವೃತ್ತ ಮತ್ತು ಓರೆಗೆರೆ, ಎಚ್ಚರಿಕೆಗೆ ಹಳದಿ ತ್ರಿಕೋನ, ಕಡ್ಡಾಯಕ್ಕೆ ನೀಲಿ ವೃತ್ತ ಎಂಬುದು ಸುರಕ್ಷತಾ ಚಿಹ್ನೆಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 7010ರ ರೂಢಿ. ಗಾರ್ಡನ್ನೂ ಬೋಲ್ಟ್ ಬಿಗಿದಂತೆಯೇ ಬರೆಯಿರಿ, ಪಕ್ಕಕ್ಕೆ ಒರಗಿಸಿದಂತಲ್ಲ: ತಿರುಗುವ ಭಾಗಕ್ಕೆ ಭದ್ರವಾದ ಬೇಲಿ ಇರಬೇಕೆಂದು 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತಿತ್ತು.

ಲೈಸೆನ್ಸ್ ಇದ್ದರೆ ಪವರ್‌ಪಾಯಿಂಟ್‌ನಲ್ಲೇ ಬರೆಯಿರಿ, ಇಲ್ಲದಿದ್ದರೆ ಇಂಪ್ರೆಸ್. ಸ್ಲೈಡ್ಸ್ ಬರಹ ತಿದ್ದುವುದಕ್ಕಷ್ಟೇ. ಮುಗಿದ ಪಿಎನ್‌ಜಿಯನ್ನು ಮಿಲ್ಲಿನ ಅಂಗಳದ ಬಿಸಿಲಲ್ಲಿ ಒಂದು ಸಾಧಾರಣ ಫೋನಿನಲ್ಲಿ ತೆರೆದು, ಗಾರ್ಡಿನ ಬೋಲ್ಟು ಕಾಣುತ್ತದೆಯೇ ನೋಡಿ.