ಅನ್ನ ಬಿಟ್ಟೆ, ಕಾಫಿಗೆ ಬೆಣ್ಣೆ ಹಾಕಿದೆ, ರಿಪೋರ್ಟ್ ನಂಬಿ ಕೆಟ್ಟೆ

ಥೈರಾಯ್ಡ್ ಮಾತ್ರೆ ತಗೊಳ್ಳುವವರು, ಜೊತೆಗೆ ಓಟ, ಜಿಮ್ ಅಂತ ಇರುವವರು, ಈಗ ಅನ್ನಾನೂ ಬಿಡೋಣ ಅಂದುಕೊಂಡಿದ್ದರೆ ಇದನ್ನು ಓದಿ.

ನನಗೆ ಹೈಪೋಥೈರಾಯ್ಡ್, ಅಂದರೆ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನ್ ಮಾಡುವುದಿಲ್ಲ. ಆರು ವರ್ಷದಿಂದ ದಿನಾ 75 ಮೈಕ್ರೋಗ್ರಾಂ ಮಾತ್ರೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ವಾರಕ್ಕೆ ನಾಲ್ಕು ದಿನ ಓಡುತ್ತೇನೆ. ಆದರೂ ತೂಕ 71ರಿಂದ ಅಲುಗಾಡುತ್ತಿರಲಿಲ್ಲ. ಜಿಮ್‌ನ ಟ್ರೇನರ್ ಹೇಳಿದ, "ದಿನಕ್ಕೆ ಕಾರ್ಬ್ (ಪಿಷ್ಟ, ಸಕ್ಕರೆ) 30 ಗ್ರಾಂ ದಾಟಬಾರದು." ಒಂದು ಬಟ್ಟಲು ಅನ್ನದಲ್ಲೇ ಸುಮಾರು 45 ಗ್ರಾಂ ಇರುತ್ತದೆ. ಅಲ್ಲಿಗೆ ಗಂಜಿ ಬಂದ್, ನೀರುದೋಸೆ ಬಂದ್. ಬಂಗಡೆ, ಮೊಟ್ಟೆ, ಪನ್ನೀರ್, ಬೆಳಿಗ್ಗೆ ಎದ್ದ ಕೂಡಲೇ ಬೆಣ್ಣೆ ಹಾಕಿದ ಕಾಫಿ. ಮಾತ್ರೆಯನ್ನೂ ಆ ಕಾಫಿಯಲ್ಲೇ ನುಂಗುತ್ತಿದ್ದೆ. ಜೊತೆಗೆ ಅವನೇ ಕೊಟ್ಟ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಇದ್ದ ಮಲ್ಟಿವಿಟಮಿನ್.

ಮೂರು ವಾರದಲ್ಲಿ ನಾಲ್ಕು ಕೆಜಿ ಇಳಿಯಿತು. ಕುಣಿದಾಡಿದೆ. ಅದರಲ್ಲಿ ಬಹಳಷ್ಟು ನೀರು ಅಂತ ಆಮೇಲೆ ತಿಳಿಯಿತು. ಮೈ ಕೂಡಿಟ್ಟುಕೊಳ್ಳುವ ಸಕ್ಕರೆಗೆ ಗ್ಲೈಕೋಜನ್ ಅಂತಾರೆ, ಅದರ ಒಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದಂತೆ. ಅದು ಖಾಲಿಯಾದರೆ ನೀರೂ ಹೋಯಿತು. ಕಾರ್ಬ್ ಬಿಟ್ಟು ಇನ್ಸುಲಿನ್ ಇಳಿದಾಗ ಮೂತ್ರದಲ್ಲಿ ಉಪ್ಪೂ ಜಾಸ್ತಿ ಹೋಗುತ್ತದೆ. ನಮ್ಮ ಕರಾವಳಿಯ ಬೆವರು ಬೇರೆ!

ಮೇ ತಿಂಗಳ ಒಂದು ಭಾನುವಾರ ಸದಾಶಿವಗಡದ ಗುಡ್ಡ ಹತ್ತಿದೆವು. ಅರ್ಧ ದಾರಿಗೇ ಕಿವಿಯಲ್ಲಿ ಗುಂಯ್ ಅಂದಿತು. ಕೆಂಪು ಕಲ್ಲಿನ ಮೇಲೆ ಕೂತೆ. ಕೆಳಗೆ ಕಾಳಿ ನದಿ ಸಮುದ್ರ ಸೇರುವ ಜಾಗ ಎರಡೆರಡಾಗಿ ಕಾಣುತ್ತಿತ್ತು. ಗೆಳತಿ ಕೈಹಿಡಿದು ಇಳಿಸಿ, ಅಂಗಡಿಯಲ್ಲಿ ಉಪ್ಪು ಹಾಕಿದ ನಿಂಬೆ ಸೋಡಾ ಕುಡಿಸಿದಳು. ಹತ್ತು ನಿಮಿಷಕ್ಕೆ ಕಣ್ಣು ಸರಿಯಾಯಿತು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಗೆ ಅಮ್ಮ ಒಂದು ಚಿಟಿಕೆ ಉಪ್ಪು ಹಾಕಿ, ಪಕ್ಕಕ್ಕೆ ಮಾವಿನ ಮಿಡಿ ಇಡುತ್ತಿದ್ದಳು. ಗಂಜಿ ಬಿಟ್ಟಾಗ ಆ ಉಪ್ಪನ್ನೂ ಬಿಟ್ಟಿದ್ದೇನೆ ಅಂತ ನನಗೆ ಹೊಳೆದೇ ಇರಲಿಲ್ಲ.

ಅಲ್ಲಿಗೇ ನಿಲ್ಲಿಸಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಕೂದಲು ಬಾಚಣಿಗೆ ತುಂಬಾ ಬರತೊಡಗಿತು. ಯಾರೋ ಹೇಳಿದರು ಅಂತ ಕೂದಲಿಗೆ ಅಂತ ತಗೊಳ್ಳುವ ವಿಟಮಿನ್, ಬಯೋಟಿನ್, 10 ಮಿಲಿಗ್ರಾಂ ಶುರು ಮಾಡಿದೆ. ರಕ್ತ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ 0.9. ಥೈರಾಯ್ಡ್ ಹಾರ್ಮೋನ್ ಸಾಲದಿದ್ದಾಗ ಈ ಅಂಕಿ ಏರುತ್ತದೆ, ಸಾಕಾದಾಗ ಇಳಿಯುತ್ತದೆ. "ನೋಡಿ, ಡಯಟ್‌ನಿಂದ ಥೈರಾಯ್ಡ್ ವಾಸಿ ಆಗ್ತಿದೆ, ಮಾತ್ರೆ ಅರ್ಧ ಮಾಡಿ" ಅಂದ ಟ್ರೇನರ್. ಅವನು ಹೇಳಿದ, ನಾನು ಕೇಳಿದೆ. ದಡ್ಡತನ ನನ್ನದೇ, ಅಲ್ವಾ?

ಆಮೇಲೆ ಮಳೆಗಾಲ. ಎಲ್ಲರೂ ಸೆಕೆ ಅಂತ ಫ್ಯಾನ್ ಹಾಕಿದರೆ ನಾನು ಕಂಬಳಿ ಹೊದೆಯುತ್ತಿದ್ದೆ. ಮಲಬದ್ಧತೆ. ಒಂದು ಕಿಲೋಮೀಟರ್‌ಗೇ ಕಾಲು ಸೀಸದ ಹಾಗೆ ಭಾರ. ಕೊನೆಗೆ ಡಾಕ್ಟರ್ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದೇ, "ಕೂದಲಿಗೆ ಏನಾದರೂ ತಗೊಳ್ತಿದ್ದೀರಾ?" ಬಯೋಟಿನ್ ಜಾಸ್ತಿ ಇದ್ದರೆ ಕೆಲವು ಲ್ಯಾಬ್ ಪರೀಕ್ಷೆಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ ತೋರುತ್ತದೆ. ಮೂರು ದಿನ ಅದನ್ನು ಬಿಡಿಸಿ ಮತ್ತೆ ಪರೀಕ್ಷೆ ಮಾಡಿಸಿದರು. 14 ಬಂತು.

ಅರ್ಧ ಮಾಡಿದ ಮಾತ್ರೆ, ಅದೂ ಕಾಫಿ ಜೊತೆ, ಕಬ್ಬಿಣ ಕ್ಯಾಲ್ಸಿಯಂ ಜೊತೆ. ಹೊಟ್ಟೆಯಲ್ಲಿ ಹೀರಿಕೊಳ್ಳುವುದೇ ಕಷ್ಟ. ಮೇಲಿಂದ ಊಟ ತೀರಾ ಕಡಿಮೆ ಆದಾಗ, ಕಾರ್ಬ್ ತೀರಾ ಇಳಿದಾಗ, ದೇಹ ತಾನೇ ಟಿ3 ಅನ್ನುವ ಥೈರಾಯ್ಡ್ ಹಾರ್ಮೋನ್ ತಗ್ಗಿಸಿಕೊಳ್ಳುತ್ತದಂತೆ. ನಾನು ಓಟವನ್ನೂ ಬಿಟ್ಟಿರಲಿಲ್ಲ.

ಕಾರ್ಬ್ ಕಡಿಮೆ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಪಕ್ಕದ ಮನೆಯವರಿಗೆ ಶುಗರ್ ಇತ್ತು, ಡಾಕ್ಟರ್ ಹೇಳಿದ ಹಾಗೆ ಕಡಿಮೆ ಮಾಡಿ ಚೆನ್ನಾಗಿದ್ದಾರೆ. ಆದರೆ ಅವರು ಮಾತ್ರೆ ವಿಷಯ ಜಿಮ್‌ನಲ್ಲಿ ಕೇಳಲಿಲ್ಲ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಸುಮ್ನೆ ಕಾರ್ಬ್ ಕಡಿತ ಮಾಡಿದರೆ ಸಕ್ಕರೆ ಏಕಾಏಕಿ ಕುಸಿಯಬಹುದು, ಅದು ಇನ್ನೂ ಅಪಾಯ.

ಈಗ ಮಾತ್ರೆ ನೀರಲ್ಲಿ, ಖಾಲಿ ಹೊಟ್ಟೆಗೆ. ಒಂದು ಗಂಟೆ ಬಿಟ್ಟು ಕಾಫಿ. ಕಬ್ಬಿಣ, ಕ್ಯಾಲ್ಸಿಯಂ ಏನಿದ್ದರೂ ನಾಲ್ಕು ಗಂಟೆ ದೂರ. ಪೂರ್ತಿ 75 ಶುರು ಮಾಡಿ ಎಂಟು ವಾರಕ್ಕೆ ಟಿಎಸ್‌ಎಚ್ 3.6ಕ್ಕೆ ಬಂತು. ತೂಕ 69. ಓಟದ ದಿನ ಮಧ್ಯಾಹ್ನ ಒಂದು ಬಟ್ಟಲು ಅನ್ನ, ಬಂಗಡೆ ಸಾರು. ಬಯೋಟಿನ್ ಡಬ್ಬಿ ಅರ್ಧ ಉಳಿದಿತ್ತು, ಅಮ್ಮ ಅದರಲ್ಲಿ ಈಗ ಗುಂಡಿ, ಸೂಜಿ ಇಡುತ್ತಾಳೆ.