ಬೆಂಗಳೂರಿನ ಚಳಿಗಾಲಕ್ಕೆ ನಾಲ್ಕು ಸಂಭ್ರಮ: ನನ್ನ ಓಟು ಕಡಲೆಕಾಯಿ ಪರಿಷೆಗೆ

ಹೋದ ಚಳಿಗಾಲದಲ್ಲಿ ನಾಲ್ಕು ಕಡೆ ಹೋಗಿದ್ದೆ. ಬಸವನಗುಡಿಯ ಕಡಲೆಕಾಯಿ ಪರಿಷೆ, ಅವರೆಬೇಳೆ ಮೇಳ, ಚಿತ್ರಸಂತೆ, ಲಾಲ್‌ಬಾಗ್‌ನ ಫ್ಲವರ್ ಶೋ. ನಾಲ್ಕು ಕಡೆಯಿಂದಲೂ ಏನಾದರೊಂದು ಕೊಂಡು ತಂದೆ. ಒಂದು ಕಡೆ ತಂದದ್ದು ಸಂಕ್ರಾಂತಿ ಎಳ್ಳಿನವರೆಗೂ ಬಂತು. ಇನ್ನೊಂದು ಕಡೆ ತಂದದ್ದಕ್ಕೆ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಈ ವರ್ಷ, ಅಂದರೆ 2025ರಲ್ಲಿ, ಪರಿಷೆ ನವೆಂಬರ್ 17ರ ಸೋಮವಾರ ಇದೆ. ಅಷ್ಟರೊಳಗೆ ಇದನ್ನು ಬರೆದುಬಿಡೋಣ, ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ ಕೂತಿದ್ದೇನೆ.

ಮೊದಲು ನಮ್ಮ ಮನೆಯ ವಿಷಯ ಹೇಳಬೇಕು. ಯಾಕೆಂದರೆ ನಾನು ಹೇಳುವುದೆಲ್ಲ ಅದರ ಮೇಲೇ ನಿಂತಿದೆ. ನಾವಿರುವುದು ಹನುಮಂತನಗರದಲ್ಲಿ. ಮನೆಯಲ್ಲಿ ಅಮ್ಮ, ಹೆಂಡತಿ, 8 ವರ್ಷದ ಮಗಳು. ಗಾಡಿ ಅಂದರೆ ಒಂದೇ ಸ್ಕೂಟರ್. ಅಮ್ಮನಿಗೆ ಮಂಡಿನೋವು. ನಾನು ಕೆಲಸ ಮುಗಿಸಿ ಮನೆ ಸೇರುವಾಗ ರಾತ್ರಿ ಎಂಟು. ಇಡೀ ಸೀಸನ್ನಿಗೆ ಅಂತ ಎತ್ತಿಟ್ಟದ್ದು 3,000 ರೂಪಾಯಿ. ದೂರದ ಬಡಾವಣೆಯಲ್ಲಿ ಇರುವವರಿಗೆ, ಕಾರು ಇರುವವರಿಗೆ ಲೆಕ್ಕ ಬೇರೆ ಆಗಬಹುದು.

ಪರಿಷೆಯ ಮುಖ್ಯ ದಿನ ಕಾರ್ತಿಕ ಮಾಸದ ಕಡೇ ಸೋಮವಾರ. ಹಾಗಾಗಿ ತಾರೀಕು ಓಡಾಡುತ್ತಿರುತ್ತದೆ. 2023ರಲ್ಲಿ ಅಧಿಕ ಮಾಸ ಬಂದಿದ್ದರಿಂದ ಡಿಸೆಂಬರ್ 11ಕ್ಕೆ ಹೋಯಿತು. 2024ರಲ್ಲಿ ನವೆಂಬರ್ 25. ಕ್ಯಾಲೆಂಡರ್ ನೋಡದೆ ಡಿಸೆಂಬರ್‌ನಲ್ಲಿ ಹೋದರಾಯಿತು ಅಂದುಕೊಂಡವರು ಖಾಲಿ ರಸ್ತೆ ನೋಡಿ ವಾಪಸ್ ಬರಬೇಕಾಗುತ್ತದೆ.

ನಮ್ಮ ಮನೆಯಿಂದ ದೊಡ್ಡ ಬಸವಣ್ಣನ ಗುಡಿಗೆ ನಡೆದೇ ಹೋಗಬಹುದು. ರಾತ್ರಿ ಎಂಟೂವರೆಗೆ ಊಟ ಮಾಡದೆ ಹೊರಟರೂ ಪರಿಷೆ ಇನ್ನೂ ತುಂಬಿಕೊಂಡೇ ಇರುತ್ತದೆ. ಟಿಕೆಟ್ ಇಲ್ಲ, ಗೇಟ್ ಇಲ್ಲ, ಮುಚ್ಚುವ ಹೊತ್ತು ಅಂತ ಒಂದಿಲ್ಲ. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ಗೋಣಿತಾಟಿನ ಮೇಲೆ ಕಡಲೆಕಾಯಿ ರಾಶಿ. ಹಸಿ, ಹುರಿದದ್ದು, ಬೇಯಿಸಿದ್ದು. ಬೇಯಿಸಿದ್ದರ ಹಬೆ ಚಳಿಯಲ್ಲಿ ಮೇಲೇಳುವುದನ್ನು ನೋಡಿದರೇ ಹೊಟ್ಟೆ ಹಸಿಯುತ್ತದೆ. ಚಿಂತಾಮಣಿ, ಕೋಲಾರ, ಮಾಗಡಿ, ತುಮಕೂರು ಕಡೆಯಿಂದ ಬರುತ್ತಾರೆ. ಆಂಧ್ರ, ತಮಿಳುನಾಡಿನವರೂ ಇರುತ್ತಾರೆ.

ಈ ಜಾಗದ ಕಥೆ ಅಮ್ಮನ ಬಾಯಲ್ಲಿ ಕೇಳಬೇಕು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ ಎಲ್ಲ ಆಗ ಕಡಲೆಕಾಯಿ ಬೆಳೆಯುವ ಹಳ್ಳಿಗಳಂತೆ. ಹುಣ್ಣಿಮೆ ಬಂತೆಂದರೆ ಒಂದು ಬಸವ ನುಗ್ಗಿ ಬೆಳೆ ಎಲ್ಲ ಮೇಯುತ್ತಿತ್ತಂತೆ. ರೈತರು ಮೊದಲ ಫಸಲು ನಿನಗೇ ಅಂತ ಕೈಮುಗಿದ ಮೇಲೆ ಕಾಟ ನಿಂತಿತಂತೆ. ಮಗಳು ಪ್ರತಿ ವರ್ಷ ಈ ಕಥೆ ಕೇಳುತ್ತಾಳೆ, ಪ್ರತಿ ವರ್ಷವೂ ಬಸವ ಎಷ್ಟು ತಿಂದಿತು ಅಂತ ಕೇಳುತ್ತಾಳೆ. ಒಂದೇ ಕಲ್ಲಿನಲ್ಲಿ ಕಡೆದ ಆ ದೊಡ್ಡ ಬಸವಣ್ಣನ ಮುಂದೆ ನಿಂತು ಕೇಳಿದರೆ ಪ್ರಶ್ನೆ ಸರಿಯಾಗಿಯೇ ಇದೆ ಅನ್ನಿಸುತ್ತದೆ.

ಕೊಳ್ಳುವ ವಿಷಯಕ್ಕೆ ಬರೋಣ. ಇಲ್ಲಿ ಅಳತೆ ಸೇರಿನಲ್ಲಿ. ಹೋದ ವರ್ಷ ನಾನು ಹಸಿ ಕಾಯಿಗೆ ಸೇರಿಗೆ 50 ರೂಪಾಯಿ, ಹುರಿದದ್ದಕ್ಕೆ 70 ಕೊಟ್ಟೆ. ಸೇರು ಗೋಪುರದ ಹಾಗೆ ತುಂಬಿಸಿ, ಮೇಲೊಂದು ಹಿಡಿ ಕೊಸರು ಹಾಕುತ್ತಾರೆ. ಆ ಕೊಸರು ನನಗೆ ಬಹಳ ಇಷ್ಟ. ಅಂಗಡಿ ತಕ್ಕಡಿಯಲ್ಲಿ ಅದು ಸಿಗುವುದಿಲ್ಲ. ಚಿಂತಾಮಣಿ ಕಡೆಯ ಒಬ್ಬ ಅಜ್ಜಿ ನನಗೆ ಕಾಯಿ ಆರಿಸುವುದು ಹೇಳಿಕೊಟ್ಟರು. "ಕಿವಿ ಹತ್ರ ಇಟ್ಟು ಅಲ್ಲಾಡಿಸಿ ನೋಡಪ್ಪ. ಸದ್ದು ಬಂದ್ರೆ ಒಣಗೈತೆ. ಬರ್ಲಿಲ್ಲ ಅಂದ್ರೆ ಹಸೀದು, ಬೇಯಿಸ್ಕೊಂಡು ತಿನ್ನು." ನಾಲ್ಕು ಸೇರು ಹಸಿ ಕಾಯಿ ತಂದೆ. ಒಂದು ಸೇರು ಅವತ್ತೇ ಉಪ್ಪು ಹಾಕಿ ಬೇಯಿಸಿದೆವು. ಉಳಿದ ಮೂರು ಸೇರನ್ನು ಅಮ್ಮ ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಒಂದು ವಾರ ಒಣಗಿಸಿದಳು. ಇದನ್ನು ಮಾತ್ರ ಮರೆಯಬೇಡಿ. ಹಸಿ ಕಾಯಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೆವರಿ ಹಾಳಾಗುತ್ತದೆ. ಬಟ್ಟೆ ಚೀಲವೇ ಆಗಬೇಕು.

ಪರಿಷೆಯಲ್ಲಿ ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಸೋಮವಾರ ಸಂಜೆ ಆರರಿಂದ ಒಂಬತ್ತರವರೆಗೆ ಕಾಲಿಡಲು ಜಾಗ ಇರುವುದಿಲ್ಲ. ಪೀಪಿ ಊದುವ ಹುಡುಗರ ಕಾಟ ಜಾಸ್ತಿ. ಅಮ್ಮನನ್ನು ನಾವು ಬೆಳಿಗ್ಗೆ ಏಳಕ್ಕೇ ಕರೆದುಕೊಂಡು ಹೋಗುತ್ತೇವೆ. ಆಗ ದೊಡ್ಡ ಗಣಪತಿಯ ದರ್ಶನವೂ ನಿಧಾನಕ್ಕೆ ಆಗುತ್ತದೆ.

ಅವರೆಬೇಳೆ ಮೇಳ ರುಚಿಯಲ್ಲಿ ಯಾವುದಕ್ಕೂ ಕಡಿಮೆ ಇಲ್ಲ. ಮೊದಲು ವಿ.ವಿ. ಪುರದ ತಿಂಡಿ ಬೀದಿ, ಸಜ್ಜನ್ ರಾವ್ ಸರ್ಕಲ್ ಹತ್ತಿರ ನಡೆಯುತ್ತಿತ್ತು. ಈಗ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದಿದೆ. ಮೆಟ್ರೋ ನಿಲ್ದಾಣ ಪಕ್ಕದಲ್ಲೇ. ಹಿತಕಿದ ಬೇಳೆ ಸಾರು, ಅಕ್ಕಿ ರೊಟ್ಟಿ, ಅವರೆ ದೋಸೆ, ಇವು ಮೂರು ತಿಂದರೆ ಹೋದದ್ದಕ್ಕೆ ಸಾರ್ಥಕ. ಅವರೆ ಜಾಮೂನು, ಅವರೆ ಜಿಲೇಬಿ ಒಂದು ಸಲ ರುಚಿ ನೋಡಬಹುದು. ನಾನು ಎರಡನೇ ಸಲ ತೆಗೆದುಕೊಳ್ಳಲಿಲ್ಲ. ಭಾನುವಾರ ಬೇಡ. ವಾರದ ದಿನ ಬೆಳಿಗ್ಗೆ ಹೋದರೆ ಕೂತು ತಿನ್ನಬಹುದು.

ಆದರೆ ಒಂದು ಮಾತು. ಅವರೆಕಾಯಿಯ ನಿಜವಾದ ಸಂಭ್ರಮ ನಡೆಯುವುದು ಮನೆಯಲ್ಲಿ. ಸೊಗಡು ಇರುವ ಕಾಯಿ ತಂದು, ನಡುಮನೆಯಲ್ಲಿ ಪೇಪರ್ ಹರಡಿ ಎಲ್ಲರೂ ಸುತ್ತ ಕೂತು ಸುಲಿಯಬೇಕು. ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿತುಕಬೇಕು. ಬೆರಳಿಗೆ ಅಂಟಿದ ವಾಸನೆ ಸೋಪು ಹಾಕಿದರೂ ಹೋಗಬಾರದು. ಗಾಂಧಿ ಬಜಾರಿನಲ್ಲಿ 2 ಕೆ.ಜಿ. ಕಾಯಿ ತಂದರೆ ನಾಲ್ಕು ಜನ ಎರಡು ಹೊತ್ತು ತಿನ್ನುತ್ತೇವೆ. ಮೇಳದಲ್ಲಿ ಅದೇ ನಾಲ್ಕು ಜನಕ್ಕೆ 700 ರೂಪಾಯಿ ಆಯಿತು. ಸುಮ್ನೆ ಹೇಳುತ್ತಿಲ್ಲ, ಬರೆದಿಟ್ಟಿದ್ದೇನೆ.

ಇನ್ನು ಚಿತ್ರಸಂತೆ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಾನು ಕೈ ಸುಟ್ಟುಕೊಂಡದ್ದು ಇಲ್ಲಿ ತಂದ ಚಿತ್ರದಿಂದ. ತಪ್ಪು ಸಂತೆಯದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕರ್ನಾಟಕ ಚಿತ್ರಕಲಾ ಪರಿಷತ್ತು ಜನವರಿಯ ಮೊದಲ ವಾರ ಒಂದು ಭಾನುವಾರ ಇದನ್ನು ನಡೆಸುತ್ತದೆ. 2025ರಲ್ಲಿ ಜನವರಿ 5ಕ್ಕೆ ಇತ್ತು. ಕುಮಾರಕೃಪಾ ರಸ್ತೆಯ ವಾಹನಗಳನ್ನೆಲ್ಲ ನಿಲ್ಲಿಸಿ, ಫುಟ್‌ಪಾತ್ ಉದ್ದಕ್ಕೂ ಕಲಾವಿದರು ಚಿತ್ರ ಒರಗಿಸಿಕೊಂಡು ಕೂತಿರುತ್ತಾರೆ. ದೇಶದ ಬೇರೆ ಬೇರೆ ರಾಜ್ಯಗಳಿಂದ ಬರುತ್ತಾರೆ. ಚಿತ್ರ ಬರೆದವರ ಹತ್ತಿರವೇ ನಿಂತು ಮಾತಾಡಿ ಕೊಳ್ಳುವುದು ನಮ್ಮಂಥವರಿಗೆ ಬೇರೆಲ್ಲಿ ಸಿಗುತ್ತದೆ? ಕಲಬುರಗಿ ಕಡೆಯ ಒಬ್ಬ ಹುಡುಗನ ಹತ್ತಿರ ಒಂದು ಜಲವರ್ಣ ಚಿತ್ರ ಕೊಂಡೆ. ಮಂಗಳೂರು ಹೆಂಚಿನ ಹಳೇ ಬೆಂಗಳೂರು ಮನೆ, ಕಿಟಕಿಗೆ ಮಂಕಿಟಾಪ್ ಅನ್ನುವ ಚೂಪು ಮರದ ಮಾಡು, ಮುಂದೆ ರಂಗೋಲಿ. 1,500 ರೂಪಾಯಿ. ಮನೆಗೆ ಅಂತ ಕೊಂಡ ಮೊದಲ ಚಿತ್ರ. ಕೈಯಲ್ಲಿ ಹಿಡಿದಾಗ ನಿಜಕ್ಕೂ ಎದೆ ತುಂಬಿ ಬಂದಿತ್ತು.

ಕಷ್ಟ ಶುರುವಾದದ್ದು ಆಮೇಲೆ. ಚಿತ್ರಕ್ಕೆ ಫ್ರೇಮ್ ಇರಲಿಲ್ಲ. ಆ ಹುಡುಗ ತಂದಿದ್ದ ರಟ್ಟುಗಳೆಲ್ಲ ಮಧ್ಯಾಹ್ನದೊಳಗೇ ಖಾಲಿಯಾಗಿದ್ದವು. ಪೇಪರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟ. ಅಲ್ಲಿಂದ ಸಂಪಿಗೆ ರಸ್ತೆ ಮೆಟ್ರೋ ನಿಲ್ದಾಣದವರೆಗೆ ಮಗಳ ಕೈ ಒಂದು ಕಡೆ, ಸುರುಳಿ ಇನ್ನೊಂದು ಕಡೆ ಹಿಡಿದು ನಡೆದೆ. ಮುಂದಿನ ನಿಲ್ದಾಣವೇ ಮೆಜೆಸ್ಟಿಕ್. ಅಲ್ಲಿ ಜನ ನುಗ್ಗಿದರು. ಯಾರದೋ ಬ್ಯಾಗು ಒತ್ತಿತು. ಮನೆಗೆ ಬಂದು ಬಿಚ್ಚಿದರೆ ಚಿತ್ರದ ನಡುವೆ, ಸರಿಯಾಗಿ ಬಾಗಿಲಿನ ಮೇಲೆ, ಒಂದು ಮಡಿಕೆ ಗೆರೆ. ಜಲವರ್ಣಕ್ಕೆ ಬಳಸುವ ಕಾಗದ ದಪ್ಪ. ಅದು ಒಮ್ಮೆ ಮುರಿದರೆ ಎಷ್ಟು ಭಾರ ಹೇರಿದರೂ ಮೊದಲಿನ ಹಾಗೆ ಆಗುವುದಿಲ್ಲ. ನಾನು ಒಂದು ವಾರ ಪಂಚಾಂಗ, ಡಿಕ್ಷನರಿ ಎಲ್ಲ ಹೇರಿ ನೋಡಿದ್ದೇನೆ.

ಆಮೇಲೆ ಫ್ರೇಮ್. ಹತ್ತಿರದ ಒಂದು ಅಂಗಡಿಗೆ ಕೊಟ್ಟೆ. 1,200 ರೂಪಾಯಿ ತೆಗೆದುಕೊಂಡರು. ದೇವರ ಫೋಟೋಗೆ ಹಾಕುವ ಹಾಗೆ ಚಿತ್ರದ ಮೇಲೆ ನೇರವಾಗಿ ಗಾಜು ಇಟ್ಟು, ಹಿಂದೆ ರಟ್ಟು ಹೊಡೆದು ಕೊಟ್ಟರು. ನೋಡಲು ಚೆನ್ನಾಗಿಯೇ ಇತ್ತು. ನಡುಮನೆಯ ಹೊರಗೋಡೆಗೆ ನೇತುಹಾಕಿದೆ. ಜುಲೈ ಮಳೆಗೆ ಆ ಗೋಡೆಗೆ ತೇವ ಬಂತು. ಗಾಜಿನ ಒಳಗೆ ಹನಿ ಕೂತಿತು. ಆಗಸ್ಟ್ ಹೊತ್ತಿಗೆ ಆಕಾಶದ ನೀಲಿ ಬಣ್ಣದ ಮೇಲೆ ಕಂದು ಚುಕ್ಕೆಗಳು. ಬೂಷ್ಟು.

ಬೇರೆ ಕಡೆ ಒಬ್ಬ ಹಿರಿಯರು ಫ್ರೇಮ್ ಹಾಕುತ್ತಾರೆ ಅಂತ ಗೆಳೆಯ ಹೇಳಿದ. ಅವರು ಚಿತ್ರ ನೋಡಿದ ತಕ್ಷಣ ಹೇಳಿದರು, "ಗಾಜು ಚಿತ್ರಕ್ಕೆ ಮುಟ್ಟಲೇಬಾರದು ಸಾರ್. ಮಧ್ಯೆ ಮೌಂಟ್ ಬೋರ್ಡ್ ಕೊಡ್ಬೇಕು, ಗಾಳಿಗೆ ಜಾಗ ಬೇಕು." ಮೌಂಟ್ ಅಂದರೆ ಚಿತ್ರದ ಸುತ್ತ ಕಿಟಕಿಯ ಹಾಗೆ ಕತ್ತರಿಸಿದ ದಪ್ಪ ಬೋರ್ಡು. ಅದು ಗಾಜನ್ನು ಕಾಗದದಿಂದ ಸ್ವಲ್ಪ ದೂರ ಇಡುತ್ತದೆ. ಮತ್ತೆ ಬಿಚ್ಚಿ, ಒರೆಸಿ, ಮೌಂಟ್ ಹಾಕಿ ಕೊಡಲು 1,700 ರೂಪಾಯಿ. ಚುಕ್ಕೆಗಳು ಪೂರ್ತಿ ಹೋಗಲಿಲ್ಲ. 1,500ರ ಚಿತ್ರಕ್ಕೆ ಫ್ರೇಮಿನ ಖರ್ಚೇ 2,900. ಒಟ್ಟು 4,400. ಇಡೀ ಚಳಿಗಾಲಕ್ಕೆ ಎತ್ತಿಟ್ಟಿದ್ದಕ್ಕಿಂತ ಜಾಸ್ತಿ.

ಹಾಗಾಗಿ ಚಿತ್ರಸಂತೆಗೆ ಹೋಗುವವರಿಗೆ ನನ್ನ ಕಳಕಳಿಯ ಮಾತು. ಮನೆಯಿಂದಲೇ ಎರಡು ದೊಡ್ಡ ರಟ್ಟು, ಒಂದು ಟೇಪು ತೆಗೆದುಕೊಂಡು ಹೋಗಿ. ಚಿತ್ರವನ್ನು ಸುತ್ತಬೇಡಿ, ಎರಡು ರಟ್ಟಿನ ನಡುವೆ ಮಟ್ಟಸವಾಗಿ ಇಟ್ಟು ತನ್ನಿ. ವಾಪಸ್ ಬರುವಾಗ ಆಟೋ ಹತ್ತಿ. ಫ್ರೇಮಿಗೂ ಸೇರಿಸಿಯೇ ಬಜೆಟ್ ಹಾಕಿ. ತೇವ ಬರುವ ಗೋಡೆಗೆ ನೇತುಹಾಕಬೇಡಿ. ಇಷ್ಟು ಮಾಡಲು ಆಗುವುದಿಲ್ಲ ಅಂದರೆ ಸಣ್ಣ ಚಿತ್ರ, ಇಲ್ಲವೇ ಫ್ರೇಮ್ ಹಾಕಿಯೇ ಮಾರುವವರ ಹತ್ತಿರ ಕೊಳ್ಳಿ. ಕಲಾವಿದರ ಹತ್ತಿರ ತೀರಾ ಚೌಕಾಸಿ ಮಾತ್ರ ಮಾಡಬೇಡಿ. ಬೆಳಿಗ್ಗೆಯಿಂದ ಬಿಸಿಲಲ್ಲಿ ಕೂತಿರುತ್ತಾರೆ.

ಲಾಲ್‌ಬಾಗ್ ಫ್ಲವರ್ ಶೋ ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವಕ್ಕೆ ಮತ್ತು ಸ್ವಾತಂತ್ರ್ಯೋತ್ಸವಕ್ಕೆ. ಜನವರಿಯದ್ದಕ್ಕೆ ಹವೆ ಒಳ್ಳೆಯದಿರುತ್ತದೆ. 2024ರ ಜನವರಿಯಲ್ಲಿ ಬಸವಣ್ಣ ಮತ್ತು ವಚನ ಸಾಹಿತ್ಯ, 2025ರಲ್ಲಿ ಮಹರ್ಷಿ ವಾಲ್ಮೀಕಿ. ಗಾಜಿನ ಮನೆಯೊಳಗೆ ಹೂವಿನಲ್ಲಿ ಕಟ್ಟಿದ್ದನ್ನು ನೋಡಿದರೆ ಆ ಕೈಗಳಿಗೆ ನಮಸ್ಕಾರ ಹಾಕಬೇಕು ಅನ್ನಿಸುತ್ತದೆ. ನಾವು ಹೋದದ್ದು ಭಾನುವಾರ. ದೊಡ್ಡವರಿಗೆ ತಲೆಗೆ 100 ರೂಪಾಯಿ ಟಿಕೆಟ್ ಇತ್ತು. ಗಾಜಿನ ಮನೆಯಲ್ಲಿ ನಿಲ್ಲಲು ಬಿಡುವುದಿಲ್ಲ, ಸಾಲು ಮುಂದೆ ಹೋಗುತ್ತಲೇ ಇರಬೇಕು. ಅಷ್ಟು ಜನ ಇರುವಾಗ ಬೇರೆ ದಾರಿಯೂ ಇಲ್ಲ. ಆದರೆ ಅಮ್ಮನಿಗೆ ಎಲ್ಲೂ ಕೂರಲು ಆಗಲಿಲ್ಲ. ಮಗಳ ಕಣ್ಣಿಗೆ ಮುಂದಿದ್ದವರ ಬೆನ್ನೇ ಜಾಸ್ತಿ ಕಂಡಿತು. ಅವಳಿಗೆ ಖುಷಿಯಾದದ್ದು ಹೊರಗಿನ ಬಂಡೆ. ಅದಕ್ಕೆ ಸುಮಾರು 300 ಕೋಟಿ ವರ್ಷ ಅಂದಾಗ ಕೈಯಿಟ್ಟು ಸವರಿದಳು. ಆ ಬಂಡೆ ಶೋ ಇಲ್ಲದ ದಿನವೂ ಅಲ್ಲೇ ಇರುತ್ತದೆ ಅಲ್ವಾ? ತಂದ ಸೇವಂತಿಗೆ ಕುಂಡ ಎರಡು ತಿಂಗಳು ಹೂ ಬಿಟ್ಟಿತು, ಅದಕ್ಕೆ ಬೇಸರವಿಲ್ಲ. ವಾರದ ದಿನ ಬೆಳಿಗ್ಗೆ ಬಿಡುವು ಇರುವವರಿಗೆ ಫ್ಲವರ್ ಶೋ ಚೆನ್ನ. ನನಗೆ ಆ ಬಿಡುವಿಲ್ಲ.

ಡಿಸೆಂಬರ್‌ನ ಕೇಕ್ ಶೋ ಮಕ್ಕಳಿಗೆ ಒಂದು ಸಲ ತೋರಿಸಬಹುದು, ಸಕ್ಕರೆಯಲ್ಲಿ ಮಾಡಿದ ಕಟ್ಟಡಗಳು ನಿಜಕ್ಕೂ ಚೆಂದ. ಹೊಸ ವರ್ಷದ ರಾತ್ರಿ ಎಂ.ಜಿ. ರೋಡಿಗೆ ಸಣ್ಣ ಮಗು ಕಟ್ಟಿಕೊಂಡು ನಾನು ಹೋಗುವುದಿಲ್ಲ.

ಪರಿಷೆಗೆ ನಾವು ಮೂರು ಸಲ ಹೋದೆವು. ಸೋಮವಾರ ಬೆಳಿಗ್ಗೆ ಅಮ್ಮನ ಜೊತೆ, ಅವತ್ತೇ ರಾತ್ರಿ ನಾನೂ ಮಗಳೂ, ಮಂಗಳವಾರ ರಾತ್ರಿ ಎಲ್ಲರೂ. ಕಡಲೆಕಾಯಿ, ಬೆಂಡು ಬತ್ತಾಸು, ಕಡ್ಲೆಪುರಿ, ಮಗಳಿಗೆ ಬಳೆ, ಎಲ್ಲ ಸೇರಿ 850 ರೂಪಾಯಿ. ಆಟೋ ಖರ್ಚು, ಪಾರ್ಕಿಂಗ್ ಹುಡುಕಾಟ ಯಾವುದೂ ಇಲ್ಲ. ರಾತ್ರಿ ಎಂಟಕ್ಕೆ ಮನೆ ಸೇರುವವನಿಗೆ ರಾತ್ರಿ ಹತ್ತರವರೆಗೂ ಕಾದಿರುವ ಸಂಭ್ರಮ ಇದೊಂದೇ. ಚಿತ್ರಸಂತೆ ಒಂದೇ ದಿನದ್ದು, ಆ ಭಾನುವಾರ ಮಗಳಿಗೆ ಜ್ವರ ಬಂದರೆ ವರ್ಷ ಕಾಯಬೇಕು. ಪರಿಷೆಯಲ್ಲಿ ಇವತ್ತು ಆಗದಿದ್ದರೆ ನಾಳೆ. ಈ ಸಲವಂತೂ ಐದು ದಿನ ಇದೆ.

ಒಣಗಿಸಿಟ್ಟ ಮೂರು ಸೇರಿನಲ್ಲಿ ಒಂದು ಪಾಲು ಚಟ್ನಿಪುಡಿಗೆ ಹೋಯಿತು. ಉಳಿದದ್ದನ್ನು ಜನವರಿ 12ರ ರಾತ್ರಿ ಸುಲಿದೆವು. ಅಮ್ಮ ಹದವಾಗಿ ಹುರಿದಳು. ಮಗಳು ಎರಡೂ ಅಂಗೈಯಲ್ಲಿ ಉಜ್ಜಿ ಸಿಪ್ಪೆ ಬಿಡಿಸಿ, ಬಾಲ್ಕನಿಯಲ್ಲಿ ಊದಿ ಹಾರಿಸಿದಳು. ಬೇಳೆ ಮಾಡಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ ಜೊತೆ ಬೆರೆಸಿದೆವು. ಸಂಕ್ರಾಂತಿ ಸಂಜೆ ಅವಳು ಹದಿನಾಲ್ಕು ಮನೆಗೆ ಎಳ್ಳು ಬೀರಿ ಬಂದಳು. ಎದುರುಮನೆ ಅಜ್ಜಿ ಒಂದು ಬೀಜ ಬಾಯಿಗೆ ಹಾಕಿಕೊಂಡು, "ಇದು ಪರಿಷೆ ಕಡ್ಲೆಕಾಯಲ್ವೇನೇ?" ಅಂದರಂತೆ.

ಈ ಸಲ ಆರು ಸೇರು ತರಬೇಕು ಅಂತ ಅಮ್ಮ ಹೇಳಿದ್ದಾಳೆ. ಹಳೇ ಸೀರೆಯಲ್ಲಿ ಎರಡು ಕೈಚೀಲ ಹೊಲಿದು ಬಾಗಿಲ ಹಿಂದಿನ ಮೊಳೆಗೆ ಆಗಲೇ ನೇತುಹಾಕಿದ್ದಾಳೆ.